ಹೋಗಿ ಬರ್ತೀನಿ

ನೀವು ಹತ್ತಿದ ಏರುಗಳಲ್ಲಿ ತೀರಾ ಕಡಿದಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ನಂದಿಬೆಟ್ಟದ ಹೆಸರು ಹೇಳುವುದಿಲ್ಲ. ಡಿಸೆಂಬರ್ ತಿಂಗಳ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ರಗ್ಗಿನೊಳಗಿನಿಂದ ನೆಲಕ್ಕೆ ಇರುವ ಒಂದೂವರೆ ಅಡಿಯೇ ಅದು. ಲೆಕ್ಕಕ್ಕೆ ಅದು ಇಳಿಜಾರು. ಆದರೂ ಅದನ್ನು ದಾಟಲು ನನಗೆ ಹಿಡಿಯುವ ಹೊತ್ತಿನಲ್ಲಿ ಬಲ್ಲವರು ಯಲಹಂಕದಿಂದ ದೇವನಹಳ್ಳಿ ಮುಟ್ಟಿರುತ್ತಾರೆ. ಅಲಾರಂ ಕೂಗುತ್ತದೆ, ಕೈ ಹೋಗಿ ಅದರ ಕತ್ತು ಹಿಸುಕುತ್ತದೆ, ಐದು ನಿಮಿಷಕ್ಕೆ ಅದು ಮತ್ತೆ ಜೀವ ಪಡೆಯುತ್ತದೆ. ಆ ಐದು ನಿಮಿಷದಲ್ಲಿ ಮನಸ್ಸು ಎಂಥ ವಕೀಲನಾಗುತ್ತದೆ ಅಂತೀರಿ! ನಿನ್ನೆ ಎರಡು ಸಲ ಸೀನಿದ್ದು, ಮೊನ್ನೆ ಮೆಟ್ಟಿಲಿಳಿಯುವಾಗ ಮೊಣಕಾಲು ಚಳುಕಿದ್ದು, ಟಯರಿನಲ್ಲಿ ಬಹುಶಃ ಗಾಳಿ ಕಮ್ಮಿ ಇರುವುದು, ಹೀಗೆ ಸಾಕ್ಷಿಗಳನ್ನು ಒಂದೊಂದಾಗಿ ಕಟಕಟೆಗೆ ಹತ್ತಿಸುತ್ತದೆ.

ತೀರ್ಪು ಮಾತ್ರ ಪಕ್ಕದ ಕೋಣೆಯಿಂದ ಬರುತ್ತದೆ. ಎಂಬತ್ತು ದಾಟಿದ ನಮ್ಮಮ್ಮನಿಗೆ ನಿದ್ದೆ ಕಮ್ಮಿ. "ಎರಡು ಸಲ ಹೊಡ್ಕೊಂಡಾಯ್ತಲ್ಲೋ ಅದು. ಹೋಗೋದಾದ್ರೆ ಏಳು, ಇಲ್ದಿದ್ರೆ ಅದರ ಬಾಯಿ ಮುಚ್ಚಿಸು. ಊರವರನ್ನೆಲ್ಲ ಯಾಕೆ ಏಳಿಸ್ತೀಯಾ?"

ಎದ್ದು, ಮುಖ ತೊಳೆದು, ಬಟ್ಟೆಯ ಮೇಲೆ ಬಟ್ಟೆ ಏರಿಸಿಕೊಂಡು, ಸೈಕಲ್ಲನ್ನು ಹೆಗಲಿಗೇರಿಸಿ ಬಾಗಿಲು ತೆಗೆಯುತ್ತೇನೆ. "ಹೋಗ್ತೀನಮ್ಮ" ಅನ್ನುತ್ತೇನೆ. ಐವತ್ಮೂರು ವರ್ಷದಿಂದ ಮಾಡುತ್ತಿರುವ ತಪ್ಪು. ಐವತ್ಮೂರು ವರ್ಷದಿಂದ ಬರುತ್ತಿರುವ ತಿದ್ದುಪಡಿ ಕತ್ತಲೆಯಿಂದ ಬರುತ್ತದೆ: "ಹೋಗ್ತೀನಿ ಅನ್ಬಾರ್ದು ಕಣೋ. ಹೋಗಿ ಬರ್ತೀನಿ ಅನ್ನು."

"ಹೋಗಿ ಬರ್ತೀನಿ."

"ಹ್ಞೂಂ. ಬಾ."

ಸೈಕಲ್ ನನ್ನದಲ್ಲ. ಮಗ ಓದಲು ಜರ್ಮನಿಗೆ ಹೋದಾಗ ಬಾಲ್ಕನಿಯಲ್ಲಿ ಬಿಟ್ಟುಹೋದದ್ದು. ಒಂದು ವರ್ಷ ಅದು ಟವಲು ಒಣಗಿಸುವ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಆಮೇಲೆ ನನ್ನ ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಕನ್ನಡಕದ ಮೇಲಿನಿಂದ ನನ್ನ ಹೊಟ್ಟೆಯ ಕಡೆ ದೃಷ್ಟಿ ಹಾಯಿಸಿದರು. ಟವಲುಗಳಿಗೆ ಬೇರೆ ಹಗ್ಗ ಕಟ್ಟಿದೆವು. ಕೆರೆ ಸುತ್ತ ನಾಲ್ಕು ಸುತ್ತು, ಆಮೇಲೆ ವಿಮಾನ ನಿಲ್ದಾಣದ ದಾರಿಯ ತನಕ, ಆಮೇಲೆ ದೇವನಹಳ್ಳಿ. ಅಲ್ಲೊಂದು ಟೀ ಅಂಗಡಿಯ ಮುಂದೆ ಕಂಡ ನಾಲ್ಕಾರು ಜನ ಸೈಕಲ್ ಸವಾರರು 'ಬ್ರೆವೆ'ಯ ರುಚಿ ಹತ್ತಿಸಿದರು.

ಬ್ರೆವೆ ಎಂದರೆ ಫ್ರೆಂಚಿನಲ್ಲಿ ಪ್ರಮಾಣಪತ್ರ. ಪ್ಯಾರಿಸ್ಸಿನ ಒಂದು ಹಳೆಯ ಸೈಕಲ್ ಸಂಘ, ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್, ಇದಕ್ಕೆ ನಿಯಮ ಮಾಡಿಟ್ಟಿದೆ. ಜಗತ್ತಿನ ಎಲ್ಲ ಕಡೆಯಂತೆ ನಮ್ಮ ಬೆಂಗಳೂರು, ಮೈಸೂರಿನ ಸವಾರರೂ ಆ ನಿಯಮದಂತೆಯೇ ತುಳಿಯುತ್ತಾರೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನವೆಂಬರ್ 1ರಿಂದ ಮುಂದಿನ ಅಕ್ಟೋಬರ್ 31ರವರೆಗಿನ ಒಂದು ಋತುವಿನಲ್ಲಿ ನಾಲ್ಕನ್ನೂ ಮುಗಿಸಿದವರು 'ಸೂಪರ್ ರ‍್ಯಾಂಡನ್ಯೂರ್'. ಹಿಂದೆ ಜೀಪಿನಲ್ಲಿ ಬಾಳೆಹಣ್ಣು ಹಿಡಿದುಕೊಂಡು ಯಾರೂ ಬರುವಂತಿಲ್ಲ. ಪಂಕ್ಚರಾದರೆ ನಿಮ್ಮ ಕೈ, ನಿಮ್ಮ ಪಂಪು. ಕತ್ತಲಾದರೆ ಮುಂದೆ ಹಿಂದೆ ದೀಪ, ಮೈಮೇಲೆ ಹೊಳೆಯುವ ಜಾಕೆಟ್ಟು. ದಾರಿಯಲ್ಲಿ ನಿಗದಿಯಾದ ತಾಣಗಳಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಬೇಕು. ಮುದ್ರೆ ಹಾಕುವವರಿಲ್ಲದ ಕಡೆ ಎಟಿಎಂ ಚೀಟಿಯೋ ಅಂಗಡಿಯ ಬಿಲ್ಲೋ ಸಾಕ್ಷಿ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಚೀಟಿ ನೋಡಿ ನಂಬಿದ ನನಗೆ ಈ ಆಟ ಒಮ್ಮೆಲೇ ನಮ್ಮದೆನಿಸಿತು.

ಇನ್ನೂ ಹಿಡಿಸಿದ್ದೆಂದರೆ ಇದರಲ್ಲಿ ರ‍್ಯಾಂಕ್ ಇಲ್ಲ. ಮೊದಲು ಬಂದವನೂ ಒಂದೇ, ಕೊನೆಗೆ ಬಂದವನೂ ಒಂದೇ. ಇಬ್ಬರಿಗೂ ಸಿಗುವುದು ಒಂದೇ ಪದಕ, ಅದನ್ನೂ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ತೀರಾ ಬೇಗ ಬಂದರೂ ಉಪಯೋಗವಿಲ್ಲ: 200ರ ಕೊನೆಯ ತಾಣದ ಬಾಗಿಲು ತೆರೆಯುವುದೇ 5 ಗಂಟೆ 53 ನಿಮಿಷ ಆದಮೇಲೆ. ಅಷ್ಟರೊಳಗೆ ಬರುವ ಅಪಾಯ ನನಗೆ ಈ ಜನ್ಮದಲ್ಲಿಲ್ಲ ಬಿಡಿ. ನನ್ನ ಕಣ್ಣು ಇದ್ದದ್ದು ಇನ್ನೊಂದು ತುದಿಯ ಮೇಲೆ. ಗಂಟೆಗೆ 15 ಕಿಲೋಮೀಟರಿನ ಲೆಕ್ಕ ಹಾಕಿದರೆ 200 ಕಿಲೋಮೀಟರಿಗೆ 13 ಗಂಟೆ 20 ನಿಮಿಷ ಆಗಬೇಕು. ಆದರೆ ಕೊಡುವುದು 13 ಗಂಟೆ 30. ಆ ಹತ್ತು ನಿಮಿಷ ಎಲ್ಲಿಂದ ಬಂತು? ಸೊಪ್ಪಿನವಳು ಕಟ್ಟು ಕೊಟ್ಟಮೇಲೆ ಎರಡು ಕಡ್ಡಿ ಕೊತ್ತಂಬರಿಯನ್ನು ಸುಮ್ಮನೆ ಮೇಲಿಡುತ್ತಾಳಲ್ಲ, ಅದೇ. ಕೊಸರು! ಪ್ಯಾರಿಸ್ಸಿನವರಿಗೂ ಕೊಸರು ಗೊತ್ತಿದೆ ಎಂದು ತಿಳಿದ ದಿನ ನಾನು ಹೆಸರು ನೋಂದಾಯಿಸಿದೆ.

ಯೋಚಿಸಿದರೆ ಇದು ನನಗೆ ಹೊಸದೂ ಅಲ್ಲ. ತಿಪಟೂರಿನಲ್ಲಿ ನಾನು ಹುಡುಗನಾಗಿದ್ದಾಗ ಸೈಕಲ್ ಶಾಪಿನ ಸಾಹೇಬರು ಗಂಟೆಗೆ ಎಂಟಾಣೆಯಂತೆ ಬಾಡಿಗೆಗೆ ಕೊಡುತ್ತಿದ್ದರು. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರು, ನಂಬರು, ಹೊರಟ ಸಮಯ. ಕಾಲು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ ನಾವು ಎಲ್ಲಿಗೆ ಹೋದೆವು ಎಂಬುದು ಸಾಹೇಬರಿಗೆ ಬೇಕಿರಲಿಲ್ಲ. ಎಷ್ಟು ಹೊತ್ತಿಗೆ ವಾಪಸ್ ಬಂದೆವು ಎಂಬುದಷ್ಟೇ ಬೇಕಿತ್ತು. ಐದು ನಿಮಿಷ ತಡವಾದರೆ ಗೋಡೆ ಗಡಿಯಾರ ನೋಡಿ, ನಮ್ಮ ಮುಖ ನೋಡಿ, "ಹೋಗ್ಲಿ ನಡಿ" ಅನ್ನುತ್ತಿದ್ದರು. ಅವರದೂ ಕೊಸರಿನ ಅಂಗಡಿಯೇ.

ಆದರೆ ನನ್ನ ಮೊದಲ ಬ್ರೆವೆ ಕೊಸರಿನ ಹತ್ತಿರಕ್ಕೂ ಬರಲಿಲ್ಲ. ಅದು ಹಿಂದಿನ ಚಳಿಗಾಲದ ಮಾತು. ದಾರಿ ಪಡುವಣಕ್ಕೆ: ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಅಲ್ಲಿಂದ ವಾಪಸ್ಸು. ಬೆಳಿಗ್ಗೆ ಸೈಕಲ್ ತಾನಾಗಿ ಓಡುತ್ತಿತ್ತು. ನನ್ನ ಕಾಲಿಗೆ ಇಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಯಡಿಯೂರು ಸಿದ್ಧಲಿಂಗೇಶ್ವರನಿಗೆ ರಸ್ತೆಯಿಂದಲೇ ಕೈ ಮುಗಿದು, ಬೆಳ್ಳೂರು ಕ್ರಾಸಿನಲ್ಲಿ ಮಸಾಲೆ ದೋಸೆ ಮುಗಿಸಿ, ಹ್ಯಾಂಡಲ್ ತಿರುಗಿಸಿದೆ. ಯಾರೋ ಎದೆಗೆ ಕೈಯಿಟ್ಟು ತಳ್ಳಿದ ಹಾಗಾಯಿತು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಮೂಡಲಿಂದ. ಬೆಳಗಿನಿಂದ ನನ್ನನ್ನು ಓಡಿಸಿದ್ದು ನನ್ನ ಕಾಲಲ್ಲ, ಬೆನ್ನ ಹಿಂದಿನ ಗಾಳಿ. ಅದು ಸಾಲ ಕೊಟ್ಟಿತ್ತು, ಈಗ ವಸೂಲಿಗೆ ನಿಂತಿತ್ತು. ಸಾಲದ್ದಕ್ಕೆ ಬೆಂಗಳೂರು ಎತ್ತರದ ಮೇಲೆ ಕೂತ ಊರು. ಬಹುಪಾಲು ದಾರಿಗಳಲ್ಲಿ ಅದು ಹೋಗುವವನನ್ನು ಇಳಿಜಾರಿನಲ್ಲಿ ಬೀಳ್ಕೊಟ್ಟು, ಬರುವವನಿಂದ ಏರು ಹತ್ತಿಸುತ್ತದೆ. ಕುಣಿಗಲ್ ತಲುಪುವ ಹೊತ್ತಿಗೆ ಎರಡೂ ತೊಡೆ ಸೆಟೆದುಕೊಂಡು, ಮೈಲಿಗಲ್ಲಿನ ಮೇಲೆ ಕೂತವನು ಏಳಲಿಲ್ಲ. ಎಳನೀರು ತುಂಬಿದ ಟೆಂಪೊದವನೊಬ್ಬ ಕರುಣೆಯಿಟ್ಟು, ಕಾಯಿಗಳ ರಾಶಿಯ ಮೇಲೆ ಸೈಕಲ್ಲನ್ನೂ ಪಕ್ಕದಲ್ಲಿ ನನ್ನನ್ನೂ ಹಾಕಿಕೊಂಡು ಬಂದ. ಮನೆಯಲ್ಲಿ ಅಮ್ಮ, "ಬಂದ್ಯಾ?" ಎಂದಳು. "ಬಂದೆ, ಟೆಂಪೊದಲ್ಲಿ" ಎಂದೆ. "ಹೇಗಾದ್ರೂ ಸರಿ, ಬಂದ್ಯಲ್ಲ" ಎಂದು ಕಾಫಿಗೆ ಹಾಲಿಟ್ಟಳು. ಬ್ರೆವೆಯವರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿನ ಮುಂದೆ 'ಡಿಎನ್‌ಎಫ್' ಎಂದಿತ್ತು. ಅರ್ಥಾತ್, ಹೋದ, ಬರಲಿಲ್ಲ.

ಆಗಲೇ ನನಗೆ ಹೊಳೆದದ್ದು, ನಾನು ಅಷ್ಟು ದಿನ ಕಲಿತದ್ದೆಲ್ಲ ಹೋಗುವುದನ್ನೇ ಎಂದು. ಬರುವುದನ್ನು ಬೇರೆಯಾಗಿಯೇ ಕಲಿಯಬೇಕು. ಈ ಚಳಿಗಾಲದ ಅಭ್ಯಾಸವನ್ನೆಲ್ಲ ಅದಕ್ಕೆ ಮೀಸಲಿಟ್ಟೆ. ವಾರಕ್ಕೊಂದು ಉದ್ದನೆಯ ಸವಾರಿ: 60, 80, 100, 120, 150. ಅರ್ಧ ದಾರಿಯಲ್ಲಿ ತಿರುಗಿದಾಗ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಉಳಿದಿರಬೇಕು ಎಂಬ ಒಂದೇ ಕಟ್ಟಳೆ. ಗಂಟೆಗೆ 20 ಕಿಲೋಮೀಟರಿನಂತೆ ತುಳಿದರೆ 200ಕ್ಕೆ ಹತ್ತು ಗಂಟೆ. ಮೂರೂವರೆ ಗಂಟೆ ಉಳಿತಾಯ ಖಾತೆಯಲ್ಲಿ. ಆ ಖಾತೆಯನ್ನು ಖಾಲಿ ಮಾಡುವುದು ನಿಧಾನವಲ್ಲ, ಟೀ. ಒಂದು ಬೈಟು, ಅದರ ಜೊತೆ ಒಂದು ಬನ್ನು, ಅದರ ಜೊತೆ ರಾಜಕೀಯ, ಇಪ್ಪತ್ತು ನಿಮಿಷ ಡೆಬಿಟ್. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಚಳಿಯಲ್ಲಿ ಬಾಯಾರಿಕೆ ಗೊತ್ತೇ ಆಗದೆ ನೀರು ಕುಡಿಯುವುದು ಮರೆತುಹೋಗಿ, ಅದರ ಫಲ ಮಧ್ಯಾಹ್ನ ಮೀನಖಂಡದಲ್ಲಿ ಸಿಗುತ್ತದೆ. ಪೇಟೆಯಲ್ಲಿ ಸಿಗುವ ಶಕ್ತಿಯ ಜೆಲ್ಲುಗಳ ಬೆಲೆ ನೋಡಿ ಹೆಂಡತಿ ನಕ್ಕು, ಎಳ್ಳು, ಬೆಲ್ಲ, ಕಡಲೆಬೀಜ, ಕೊಬ್ಬರಿ ಸೇರಿಸಿ ಉಂಡೆ ಕಟ್ಟಿಕೊಟ್ಟಳು. ಸಂಕ್ರಾಂತಿಗೆ ಬೀರುವುದನ್ನೇ ಒಂದು ತಿಂಗಳು ಮೊದಲು ಜೇಬಿಗೆ ಬೀರಿದಳು.

ಚಳಿಯ ಬಗ್ಗೆ ಬೆಂಗಳೂರಿನವರು ದೂರಿದರೆ ಜರ್ಮನಿಯಲ್ಲಿರುವ ಮಗ ನಗುತ್ತಾನೆ. ಈ ಊರಿನ ದಾಖಲೆಯಲ್ಲೇ ತೀರಾ ಚಳಿಯ ದಿನ 1884ರ ಜನವರಿ 13, ಅಂದು 7.8 ಡಿಗ್ರಿ. ಅದೂ ಅವನ ಲೆಕ್ಕದಲ್ಲಿ ಒಂದು ಒಳ್ಳೆಯ ಮಧ್ಯಾಹ್ನ. ಆದರೆ ಸೈಕಲ್ ಮೇಲೆ ಕೂತವನಿಗೆ ಗಾಳಿ ನಿಂತಿದ್ದರೂ ಬೀಸುತ್ತದೆ. ತಾನೇ ಎಬ್ಬಿಸಿದ ಗಾಳಿಯಲ್ಲಿ ತಾನೇ ನಡುಗುವುದು ಅವನ ಹಣೆಬರಹ. ಹೆಲ್ಮೆಟ್ಟಿನ ಒಳಗೆ ಮಂಕಿ ಟೋಪಿ, ಅಂಗಿಯ ಮೇಲೆ ಅಂಗಿ, ಹೆಂಡತಿಯ ಉಣ್ಣೆಯ ಕಾಲುಚೀಲ. ಎಲ್ಲ ಇದ್ದೂ ಎದೆ ಮಾತ್ರ ಹಿಮಗಡ್ಡೆ. ಯುರೋಪಿನ ಹಳೆಯ ಕಾಲದ ಸೈಕಲ್ ಪಟುಗಳು ಬೆಟ್ಟದಿಂದ ಇಳಿಯುವ ಮೊದಲು ಪತ್ರಿಕೆಯೊಂದನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದರೆಂದು ಎಲ್ಲೋ ಓದಿದ್ದೆ. ಹಳೆಯ ಭಾನುವಾರದ ಪುರವಣಿಯೊಂದನ್ನು ಮಡಿಸಿ ಎದೆಗಿಟ್ಟುಕೊಂಡೆ. ಏನು ಹಿತ! ಮನೆಗೆ ಬಂದು ತೆಗೆದು ನೋಡಿದರೆ ಬೆವರಿಗೆ ಒದ್ದೆಯಾಗಿ ಬನಿಯನ್ನಿಗೆ ಅಂಟಿಕೊಂಡದ್ದು ಒಂದು ಲಲಿತ ಪ್ರಬಂಧ. ಲಲಿತ ಪ್ರಬಂಧದಿಂದ ಎದೆ ಬೆಚ್ಚಗಾಗುತ್ತದೆ ಎಂದು ವಿಮರ್ಶಕರು ಬರೆದಾಗ ನಾನು ನಂಬಿರಲಿಲ್ಲ.

ಹೊರಗೆ ಬಂದರೆ ನನಗಿಂತ ಮೊದಲೇ ಎದ್ದವರ ಊರು ಬೇರೆಯೇ ಇದೆ. ಧನುರ್ಮಾಸ. ದೇವಸ್ಥಾನದ ಮೈಕು ಆಗಲೇ ಗಂಟಲು ಸರಿಮಾಡಿಕೊಂಡಿರುತ್ತದೆ. ಮಫ್ಲರ್ ಸುತ್ತಿದ ಅರ್ಚಕರು ಹಂಡೆಯ ಮುಂದೆ, ರಂಗೋಲಿಯವರು ಬಾಗಿಲ ಮುಂದೆ, ಸೇವಂತಿಗೆಯ ಮೂಟೆಯವರು ಬಸ್ ನಿಲ್ದಾಣದ ಮುಂದೆ. ಹಾಲಿನ ಕ್ರೇಟಿನ ಮೇಲೆ ಕೂತ ಬೀದಿನಾಯಿಗಳಿಗೆ ಮಾತ್ರ ನನ್ನ ಹೊಳೆಯುವ ಜಾಕೆಟ್ಟು ಸಹಿಸದು. ಅವುಗಳ ಕೃಪೆಯಿಂದ ನನ್ನ ಸರಾಸರಿ ವೇಗ ಮೊದಲ ಎರಡು ಕಿಲೋಮೀಟರಿನಲ್ಲೇ ಗರಿಷ್ಠ ಮುಟ್ಟುತ್ತದೆ. ಹೆಂಡತಿ ಪ್ರತಿ ಧನುರ್ಮಾಸವೂ ಐದಕ್ಕೆ ದೇವಸ್ಥಾನಕ್ಕೆ ಹೋಗುವವಳು. ಇಪ್ಪತ್ತಾರು ವರ್ಷ ಕರೆದು ಕರೆದು ಸಾಕಾಗಿ ಬಿಟ್ಟವಳು. "ಅಂತೂ ದೇವರಿಗೆ ಏಳದವರು ಸೈಕಲ್ಲಿಗೆ ಎದ್ರಿ" ಎಂದಳು. ನಾನು ಒಂದು ರಾಜಿ ಸೂತ್ರ ಕಂಡುಕೊಂಡೆ. ದೇವಸ್ಥಾನದ ಮುಂದೆ ಸೈಕಲ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಒಂದು ನಮಸ್ಕಾರ. ದೊನ್ನೆಯಲ್ಲಿ ಹುಗ್ಗಿ. ಹೆಸರುಬೇಳೆ, ಅಕ್ಕಿ, ತುಪ್ಪ, ಹಲ್ಲಿಗೆ ಸಿಕ್ಕ ಮೆಣಸಿನ ಕಾಳು. ಬಾಯಿಗೆ ಬಿದ್ದ ಕೂಡಲೇ ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಬೆಚ್ಚನೆಯ ಗೆರೆ ಇಳಿದುಹೋಗುತ್ತದೆ. ಮುಂದಿನ ಮೂವತ್ತು ಕಿಲೋಮೀಟರನ್ನು ಆ ಗೆರೆಯೇ ನೋಡಿಕೊಳ್ಳುತ್ತದೆ. ಮುಂಜಾನೆಯ ಚಳಿಗೆ ಮೆಣಸಿನ ಹುಗ್ಗಿಯನ್ನೇ ಗೊತ್ತುಮಾಡಿದ ಹಿರಿಯರು ಖಂಡಿತ ಯಾವುದೋ ಜನ್ಮದಲ್ಲಿ ದೂರದ ಸವಾರರಾಗಿದ್ದಿರಬೇಕು.

ದೇವನಹಳ್ಳಿ ದಾಟಿ ವಿಜಯಪುರದ ಕಡೆ ಹೊರಳಿದರೆ ಮಂಜು. ದೀಪದ ಬೆಳಕು ಮುಂದೆ ಹೋಗುವುದಿಲ್ಲ; ಎರಡು ಮಾರು ಹೋಗಿ ಬಿಳಿ ಗೋಡೆಗೆ ತಗುಲಿ ನಿಲ್ಲುತ್ತದೆ. ರಸ್ತೆಯ ಎರಡೂ ಕಡೆ ದ್ರಾಕ್ಷಿ ಚಪ್ಪರಗಳು ಇವೆಯೆಂದು ಗೊತ್ತು, ಕಾಣುವುದು ಕಲ್ಲುಕಂಬಗಳ ಮೊದಲ ಸಾಲು ಮಾತ್ರ. ಕನ್ನಡಕ ತೆಗೆದರೆ ರೆಪ್ಪೆಯ ಮೇಲೆ ಹನಿ, ಹಾಕಿದರೆ ಗಾಜಿನ ಮೇಲೆ ಹನಿ. ಎಲ್ಲಿಂದಲೋ ಅವರೆ ಹೊಲದ ವಾಸನೆ. ಮಂಜು ಬಿದ್ದಷ್ಟೂ ಅವರೆಗೆ ಸೊಗಡು ಎನ್ನುತ್ತಾರೆ. ಎದುರಿನಿಂದ ಬರುವವರ ಕೆಮ್ಮು ಮೊದಲು ಕೇಳಿ, ಆಮೇಲೆ ಬೀಡಿಯ ಕೆಂಪು ಚುಕ್ಕಿ ಕಂಡು, ಆಮೇಲೆ ಕಂಬಳಿ ಹೊದ್ದ ಮನುಷ್ಯ ಮೂಡುತ್ತಾನೆ. ಶಿಡ್ಲಘಟ್ಟ ಹತ್ತಿರವಾದದ್ದನ್ನು ಮೂಗೇ ಹೇಳುತ್ತದೆ. ರೇಷ್ಮೆಗೂಡು ಬೇಯುವ ಆ ವಾಸನೆಯನ್ನು ಒಮ್ಮೆ ಕುಡಿದವರು ಸೀರೆಯನ್ನು ಮೊದಲಿನ ಹಾಗೆ ನೋಡಲಾರರು.

ಆ ದಾರಿಯಲ್ಲೇ, ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಯ ಮುಂದೆ, ಡಿಸೆಂಬರಿನ ಕೊನೆಯ ಭಾನುವಾರ ನಾನು ಬಿದ್ದೆ. ಸುಗ್ಗಿಯ ಕಾಲದಲ್ಲಿ ಈ ಸೀಮೆಯ ರಸ್ತೆಗಳು ಅರ್ಧ ಸರ್ಕಾರದವು, ಅರ್ಧ ರೈತರವು. ಕಣ ಮಾಡಿ, ಸಾರಿಸಿ, ರೋಣಗಲ್ಲು ಎಳೆಯುವ ಪುರಸೊತ್ತು ಈಗ ಯಾರಿಗಿದೆ? ಕಿತ್ತ ಹುರುಳಿಯನ್ನು ಟಾರಿನ ಮೇಲೆ ಹರಡಿದರೆ ಬಸ್ಸು ಲಾರಿಗಳೇ ಒಕ್ಕಿಕೊಟ್ಟು ಹೋಗುತ್ತವೆ. ಕಾರಿನವರು ಅದರ ಮೇಲೆ ಸರ್ರನೆ ಹೋಗುತ್ತಾರೆ. ನಾನೂ ಹೋದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಪೆಡಲು ಭಾರವಾಯಿತು, ಆಮೇಲೆ ಕಲ್ಲಾಯಿತು, ಆಮೇಲೆ ನಾನು ಸೈಕಲ್ ಸಮೇತ ಬಲಕ್ಕೆ ಒರಗಿ, ಬಹಳ ನಿಧಾನವಾಗಿ, ಮೆತ್ತನೆಯ ಹುರುಳಿಯ ಮೇಲೆ ಪವಡಿಸಿದೆ.

"ಅಯ್ಯೋ, ಬಿದ್ಯೇನಪ್ಪಾ?" ರಸ್ತೆ ಬದಿಯಿಂದ ಒಬ್ಬಾಕೆ ಎದ್ದು ಬಂದರು. ಅಮ್ಮನಿಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಕಿವಿ ಮುಚ್ಚುವಂತೆ ಸೆರಗು, ಕೈಯಲ್ಲಿ ಕುಡುಗೋಲು. ನನ್ನನ್ನು ಎತ್ತುವ ಮೊದಲು ಹುರುಳಿಯನ್ನು ನೋಡಿದರು, ಆಮೇಲೆ ಸೈಕಲ್ಲನ್ನು. ಹಿಂದಿನ ಗೇರಿನ ಎರಡು ಪುಟ್ಟ ಗಾಲಿಗಳ ನಡುವೆ ಹುರುಳಿಬಳ್ಳಿ ಸುತ್ತಿ ಸುತ್ತಿ ಹಕ್ಕಿಗೂಡಿನ ಹಾಗಾಗಿತ್ತು. ನಾನು ಎಳೆದಷ್ಟೂ ಬಿಗಿಯಿತು. "ಬಿಡು, ನೀನು ಎಳೀಬೇಡ" ಎಂದು ಮಂಡಿಯೂರಿ ಕೂತು, ಕುಡುಗೋಲಿನ ತುದಿಯನ್ನು ಚೈನಿನ ಸಂದಿಗೆ ತೂರಿಸಿ, ಒಂದೊಂದೇ ಎಳೆಯನ್ನು ಕತ್ತರಿಸಿ ತೆಗೆಯತೊಡಗಿದರು. ನನ್ನ ಮಗ ಎಷ್ಟೋ ಸಾವಿರ ಕೊಟ್ಟು ಹಾಕಿಸಿದ ಗೇರು. ನನಗೆ ಉಸಿರು ಸಿಕ್ಕಿಕೊಂಡಿತು. ಕರುವಿನ ಕಿವಿಯಿಂದ ಉಣ್ಣೆ ಕೀಳುವವರ ಹಾಗೆ ಅವರ ಕೈ. ಎಲ್ಲೂ ಒಂದು ಗೀರು ಬೀಳಲಿಲ್ಲ.

"ಬಸ್ಸು ಬರ್ಲಿ, ಲಾರಿ ಬರ್ಲಿ ಅಂತ ಹಾಕಿದ್ರೆ ಸೈಕಲ್ ಬಂತು. ಇದರ ತೂಕಕ್ಕೆ ಒಂದು ಕಾಯೂ ಒಡೆಯಲ್ಲ" ಎಂದು ಗೊಣಗಿ, "ಎಲ್ಲಿಂದ?" ಎಂದರು.

"ಯಲಹಂಕದಿಂದಮ್ಮ."

"ಇದರಾಗಾ? ಎಲ್ಲಿಗೆ?"

"ಚಿಂತಾಮಣಿಗೆ."

"ಅಲ್ಲೇನು ಕೆಲಸ?"

"ಕೆಲಸ ಏನಿಲ್ಲ. ಹೋಗಿ ವಾಪಸ್ ಬರೋದು."

ಕುಡುಗೋಲು ನಿಂತಿತು. "ಅಷ್ಟು ದೂರ ಹೋಗಿ ಏನು ತರ್ತೀಯಾ?"

"ಏನೂ ಇಲ್ಲಮ್ಮ."

ಅವರು ನನ್ನ ಹೆಲ್ಮೆಟ್ಟು, ಮಂಕಿ ಟೋಪಿ, ಕತ್ತಿನಿಂದ ಇಣುಕುತ್ತಿದ್ದ ಪುರವಣಿ ಎಲ್ಲವನ್ನೂ ಒಂದು ಸಲ ನೋಡಿದರು. "ಬರಿಗೈಲಿ ಹೋದ್ರೆ ಮನೇಲಿ ಒಳಕ್ಕೆ ಬಿಟ್ಕೊಂತಾರಾ?"

ನಾನು ನಕ್ಕೆ. ಆದರೆ ಚಿಂತಾಮಣಿ ಮುಟ್ಟಿ, ತಿರುಗಿ, ಬೆನ್ನಿಗೆ ಬಿಸಿಲು ಏರಿಸಿಕೊಂಡು ಮನೆ ಸೇರುವವರೆಗೂ ಆ ಮಾತು ಹುರುಳಿಬಳ್ಳಿಯ ಹಾಗೆಯೇ ಎಲ್ಲೋ ಗಾಲಿಗೆ ಸುತ್ತಿಕೊಂಡಿತ್ತು. ಹಾಲಿನವನು ಹಾಲು ತರುತ್ತಾನೆ, ಪೇಪರಿನ ಹುಡುಗ ಪೇಪರು ತರುತ್ತಾನೆ, ಆಕೆ ಹೊಲಕ್ಕೆ ಹೋದರೆ ಹುಲ್ಲಿನ ಹೊರೆಯಾದರೂ ತರುತ್ತಾರೆ. ನಾವು ಮಾತ್ರ 200 ಕಿಲೋಮೀಟರ್ ಹೋಗಿ, ಹೋಗಿದ್ದಕ್ಕೆ ಒಂದು ಎಟಿಎಂ ಚೀಟಿ ತರುತ್ತೇವೆ.

ಈ ಹುಚ್ಚಿನ ಮೂಲ ಪುರುಷರೂ ಬೇರೇನೂ ತಂದವರಲ್ಲ. 1891ರಲ್ಲಿ ಪಿಯೆರ್ ಜಿಫಾರ್ ಎಂಬ ಪತ್ರಿಕಾ ಸಂಪಾದಕ ಪ್ಯಾರಿಸ್ಸಿನಿಂದ ಅಟ್ಲಾಂಟಿಕ್ ದಡದ ಬ್ರೆಸ್ಟ್ ಊರಿಗೆ ಹೋಗಿ ಬರುವ, ಸುಮಾರು 1200 ಕಿಲೋಮೀಟರಿನ ಸೈಕಲ್ ಓಟ ಏರ್ಪಡಿಸಿದ. ಇನ್ನೂರಕ್ಕೂ ಹೆಚ್ಚು ಜನ ಹೊರಟರು. ಶಾರ್ಲ್ ತೆರೋ ಎಂಬವನು 71 ಗಂಟೆ 22 ನಿಮಿಷದಲ್ಲಿ ಮೊದಲಿಗನಾಗಿ ಬಂದ. ಆ ಓಟ ಈಗ ಪಂದ್ಯವಾಗಿ ಉಳಿದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಬ್ರೆವೆಯಾಗಿದೆ. 2023ರಲ್ಲಿ ಆಯಿತು, ಮುಂದಿನದು 2027ರಲ್ಲಿ. ಆ ವರ್ಷದ ಅರ್ಹತೆಗೆ 200, 300, 400, 600 ನಾಲ್ಕನ್ನೂ ಮುಗಿಸಿದವರು 90 ಗಂಟೆಯೊಳಗೆ ಹೋಗಿ ಬರಬೇಕು. ದಾರಿಯುದ್ದಕ್ಕೂ ಹಳ್ಳಿಯವರು ಮನೆ ಮುಂದೆ ಮೇಜು ಹಾಕಿ ಗುರುತುಪರಿಚಯವಿಲ್ಲದ ಸವಾರರಿಗೆ ಕಾಫಿ, ಅವರ ಕಡೆಯ ತೆಳ್ಳನೆಯ ದೋಸೆ ಕೊಡುತ್ತಾರಂತೆ. ಈ ಓಟದ ನೆನಪಿಗೆ 1910ರಲ್ಲಿ ಒಬ್ಬ ಮಿಠಾಯಿಗಾರ ಸೈಕಲ್ ಗಾಲಿಯಂತೆ ದುಂಡಗೆ, ನಡುವೆ ತೂತಿರುವ ಒಂದು ಸಿಹಿ ತಿನಿಸನ್ನೂ ಮಾಡಿದ. ಪ್ಯಾರಿಸ್-ಬ್ರೆಸ್ಟ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಸಿಗುತ್ತದೆ. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಮೊದಲ ಓಟಕ್ಕೆ ಅವರಿಟ್ಟಿದ್ದ ಹೆಸರು. ಬರೀ ಪ್ಯಾರಿಸ್-ಬ್ರೆಸ್ಟ್ ಅಲ್ಲ. 'ಪ್ಯಾರಿಸ್-ಬ್ರೆಸ್ಟ್, ಮತ್ತು ವಾಪಸ್ಸು'. ಅಮ್ಮನಿಗೆ ಹೇಳಿದೆ. "ಮತ್ತೆ? ಬರೀ ಹೋಗೋದಕ್ಕೆ ಯಾರಾದ್ರೂ ಹೆಸರಿಡ್ತಾರಾ? ತಿಳಿದವರು" ಎಂದಳು.

ಜನವರಿಯ ಮೂರನೇ ವಾರ ನನ್ನ ಎರಡನೇ 200. ದಾರಿ ಮೂಡಲಿಗೆ: ಯಲಹಂಕದಿಂದ ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮತ್ತು ವಾಪಸ್ಸು. ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಏಳೂವರೆಯೊಳಗೆ ಬರಬೇಕು. ಈ ಸಲ ಗಾಳಿ ಮೊದಲೇ ಎದುರಿಗಿತ್ತು. ಹೋಗುವಾಗಲೇ ಬಡ್ಡಿ ಕಟ್ಟಿಬಿಡೋಣವೆಂದು ತಲೆ ತಗ್ಗಿಸಿ ತುಳಿದೆ. ನನ್ನ ಮಗನ ವಯಸ್ಸಿನವರು "ಅಂಕಲ್, ಎಡಕ್ಕೆ" ಎಂದು ಹಾರಿ ಮಂಜಿನಲ್ಲಿ ಕರಗಿದರು. ಶ್ರೀನಿವಾಸಪುರದ ಮಾವಿನ ತೋಪುಗಳು ಹೂ ಬಿಟ್ಟಿದ್ದವು. ಜೇನ್ನೊಣಗಳ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಎಟಿಎಂ ಚೀಟಿ ತೆಗೆದು, ಎರಡು ಎಳ್ಳುಂಡೆ ತಿಂದು, ಟೀ ಅಂಗಡಿಯ ಕಡೆ ಕಣ್ಣೂ ಹಾಯಿಸದೆ ಹ್ಯಾಂಡಲ್ ತಿರುಗಿಸಿದೆ. ಗಾಳಿ ಬೆನ್ನ ಮೇಲೆ ಕೈಯಿಟ್ಟಿತು.

ಮೂರೂ ನಲವತ್ತಕ್ಕೆ ಆ ಹಳ್ಳಿ. ರಸ್ತೆ ಖಾಲಿಯಾಗಿತ್ತು. ಆಕೆ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಿಲ್ಲಬಾರದು ಎಂದು ತಲೆ ಹೇಳಿತು, ಬ್ರೇಕು ಕೇಳಲಿಲ್ಲ.

"ಮತ್ತೆ ಬಂದ್ಯಾ? ಇವತ್ತೂ ಬರಿಗೈಯ?"

"ಒಂದು ಸೇರು ಹುರುಳಿ ಕೊಡಿ ಅಮ್ಮ."

ಅಳೆದು ಪ್ಲಾಸ್ಟಿಕ್ ಚೀಲಕ್ಕೆ ಸುರಿದರು. ಗಂಟು ಹಾಕುವ ಮೊದಲು ಒಂದು ಬೊಗಸೆ ಮೇಲೆ ಹಾಕಿ, "ಕೊಸರು" ಎಂದರು. ಸೈಕಲ್ ಸವಾರರು ನೂರು ಗ್ರಾಮು ಇಳಿಸಲು ಸಾವಿರಗಟ್ಟಲೆ ಸುರಿಯುವುದನ್ನು ನೋಡಿದ್ದೇನೆ, ನಾನು ಕೆ.ಜಿ. ಮೇಲೆ ಹುರುಳಿಯನ್ನು ಬೆನ್ನಿನ ಜೇಬಿಗೆ ತುರುಕಿಕೊಂಡು ಹೊರಟೆ. ವಿಜಯಪುರ ದಾಟಿದ ಮೇಲೆ, ಕತ್ತಲಾಗುವ ಹೊತ್ತಿಗೆ ಸರಿಯಾಗಿ, ಹಿಂದಿನ ಗಾಲಿ ಪುಸ್ಸೆಂದಿತು. ಚಳಿಗೆ ಜಡ್ಡುಗಟ್ಟಿದ ಬೆರಳಲ್ಲಿ ಟಯರ್ ಬಿಚ್ಚಿ ಟ್ಯೂಬ್ ಬದಲಾಯಿಸಲು ಅರ್ಧ ಗಂಟೆ. ಅಲ್ಲಿಂದ ಮುಂದೆ ಗಡಿಯಾರ ನೋಡಲಿಲ್ಲ. ಮುಟ್ಟುವಾಗ ಏಳು ಇಪ್ಪತ್ನಾಲ್ಕು. 13 ಗಂಟೆ 24 ನಿಮಿಷ. ಲೆಕ್ಕದ ಸಮಯ ಮುಗಿದು ನಾಲ್ಕು ನಿಮಿಷವಾಗಿತ್ತು. ಕೊಸರಿನಲ್ಲಿ ಇನ್ನೂ ಆರು ಉಳಿದಿತ್ತು. ಕಾರ್ಡಿಗೆ ಮುದ್ರೆ ಹಾಕಿದ ಹುಡುಗ "ಕಂಗ್ರಾಟ್ಸ್ ಸಾರ್" ಎಂದು ಮೇಜು ಮಡಿಸತೊಡಗಿದ.

"ಬಂದ್ಯಾ?" ಎಂದಳು ಅಮ್ಮ.

"ಬಂದೆ. ಸೈಕಲ್ಲಲ್ಲೇ."

"ಅದೇನೋ ಗಂಟು?"

"ಹುರುಳಿ."

ಮಾರನೆಯ ದಿನ ಎದ್ದಾಗ ಬಿಸಿಲು ಬಾಲ್ಕನಿಯವರೆಗೆ ಬಂದಿತ್ತು. ತೊಡೆಗಳು ನನ್ನವಾಗಿರಲಿಲ್ಲ. ಗೋಡೆ ಹಿಡಿದು ನಡೆದುಕೊಂಡು ಬಂದೆ. ಅಮ್ಮ ಬಿಸಿಲಿನಲ್ಲಿ ಕಾಲು ಚಾಚಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಹುರುಳಿ ಆರಿಸುತ್ತಿದ್ದಳು. ಕಟ್ಟಿನ ಸಾರಿಗೆ. ಪಕ್ಕದ ತಟ್ಟೆಯಲ್ಲಿ ಆರಿಸಿ ತೆಗೆದದ್ದರ ಪುಟ್ಟ ರಾಶಿ: ಮಣ್ಣಿನ ಹೆಂಟೆ, ಜಲ್ಲಿಯ ಚೂರು, ಕಪ್ಪನೆ ಟಾರಿನ ಕಾಳು. ಒಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಹುರುಳಿ ಎಲ್ಲಿ ತಂದಿದ್ದೀಯೋ? ರಸ್ತೇನೇ ತಂದಿದ್ದೀಯಲ್ಲೋ."